ಘಾಟಿ ರಸ್ತೆಗೆ ಎಂಥ ಹೆಡ್‌ಲೈಟ್ ಬೇಕು?

ಮಳೆಗಾಲ ಹತ್ತಿರ ಬಂತು ಅಂದರೆ ಶಿರಸಿಯ ನಮ್ಮ ಅಂಗಡಿಗೆ ಬರುವ ಕಾರಿನವರ ಬೇಡಿಕೆ ಹೆಚ್ಚುಕಮ್ಮಿ ಒಂದೇ. "ರಾತ್ರಿ ದೇವಿಮನೆ ಘಾಟಿ ಇಳಿಯುವಾಗ ಏನೂ ಕಾಣೋದಿಲ್ಲ ಮಾರಾಯ್ರೆ, ಒಂದು ಒಳ್ಳೆ ಎಲ್‌ಇಡಿ ಹಾಕಿಕೊಡಿ." ನಾನು ಆಟೋ ಎಲೆಕ್ಟ್ರಿಷಿಯನ್, ಬಲ್ಬು ಮಾರಿದರೆ ನನಗೇ ಲಾಭ. ಆದರೂ ಬಲ್ಬಿನ ಡಬ್ಬಿ ತೆಗೆಯುವುದು ಕೊನೆಗೆ. ಮೊದಲು ಹೆಡ್‌ಲೈಟಿನ ಗ್ಲಾಸು ನೋಡುತ್ತೇನೆ. ಆಮೇಲೆ ವೋಲ್ಟು ಅಳೆಯುವ ಮೀಟರ್ ಹಿಡಿಯುತ್ತೇನೆ.

ಗ್ಲಾಸು ಅಂತ ಬಾಯಲ್ಲಿ ಹೇಳುತ್ತೇವೆ, ಈಗಿನ ಕಾರುಗಳಲ್ಲಿ ಅದು ಪಾಲಿಕಾರ್ಬೊನೇಟ್ ಪ್ಲಾಸ್ಟಿಕ್. ಹಳೆಯ ಮಾರುತಿ 800, ಓಮ್ನಿಗಳಲ್ಲಿ ನಿಜವಾದ ಗಾಜು ಇತ್ತು, ಅದು ಹಳದಿ ಆಗುತ್ತಿರಲಿಲ್ಲ. ಪ್ಲಾಸ್ಟಿಕ್ಕಿಗೆ ಬಿಸಿಲು ತಾಗದಂತೆ ಕಂಪನಿಯವರು ಒಂದು ತೆಳು ಕೋಟಿಂಗ್ ಕೊಟ್ಟಿರುತ್ತಾರೆ. ಕೆಲವು ವರ್ಷ ಬಿಸಿಲು ತಿಂದ ಮೇಲೆ ಅದು ಹೋಗುತ್ತದೆ, ಲೆನ್ಸ್ ಮಂಜು ಮಂಜಾಗುತ್ತದೆ. ಒಳಗೆ ಎಂಥ ಬಲ್ಬು ಹಾಕಿದರೂ ಬೆಳಕು ಅಲ್ಲೇ ಚದುರುತ್ತದೆ. ನೀರುಕಾಗದದಿಂದ (ನೀರು ಹಾಕಿ ತಿಕ್ಕುವ ಉಜ್ಜುಕಾಗದ) ಒರಟಿನಿಂದ ನಯದವರೆಗೆ ಹಂತ ಹಂತವಾಗಿ ತಿಕ್ಕಿ, ಪಾಲಿಶ್ ಮಾಡಿ, ಮೇಲೆ ಬಿಸಿಲು ತಡೆಯುವ ಕ್ಲಿಯರ್ ಕೋಟ್ ಹೊಡೆದರೆ ಮತ್ತೆ ತಿಳಿಯಾಗುತ್ತದೆ. ಟೂತ್‌ಪೇಸ್ಟಿನಲ್ಲಿ ತಿಕ್ಕುವ ಉಪಾಯ ಎಲ್ಲರಿಗೂ ಗೊತ್ತು. ಆದರೆ ಕೋಟಿಂಗ್ ಇಲ್ಲದ್ದರಿಂದ ಬೇಗ ಮತ್ತೆ ಮಂಕಾಗುತ್ತದೆ.

ಇನ್ನು ವೋಲ್ಟೇಜಿನ ವಿಷಯ. ನನ್ನ ಪ್ರಕಾರ ಜನ ಅತಿ ಕಡಿಮೆ ಗಮನ ಕೊಡುವುದು ಇದಕ್ಕೇ. ಹ್ಯಾಲೊಜೆನ್ ಬಲ್ಬಿನ, ಅಂದರೆ ತಂತಿ ಕಾದು ಬೆಳಗುವ ಮಾಮೂಲಿ ಬಲ್ಬಿನ, ಬೆಳಕನ್ನು ಅಳೆಯುವುದು 13.2 ವೋಲ್ಟಿನಲ್ಲಿ. ನಮ್ಮಲ್ಲಿ ಬಹಳ ಕಾರುಗಳಲ್ಲಿರುವ ಎಚ್4 ಬಲ್ಬು, ಅಂದರೆ 60/55 ವ್ಯಾಟಿನದು, ಆ ವೋಲ್ಟಿನಲ್ಲಿ ಡಿಪ್‌ನಲ್ಲಿ (ತಗ್ಗಿನ ಬೆಳಕು) ಸುಮಾರು 1000 ಲ್ಯೂಮೆನ್ (ಬೆಳಕಿನ ಅಳತೆ), ಬ್ರೈಟ್‌ನಲ್ಲಿ (ದೂರದ ಬೆಳಕು) ಸುಮಾರು 1650 ಲ್ಯೂಮೆನ್ ಕೊಡುತ್ತದೆ. ವೋಲ್ಟು ಸ್ವಲ್ಪ ಇಳಿದರೆ ಬೆಳಕು ಅದಕ್ಕಿಂತ ಎಷ್ಟೋ ಜಾಸ್ತಿ ಇಳಿಯುತ್ತದೆ. ಬಲ್ಬಿನ ಹೋಲ್ಡರಿಗೆ 12 ವೋಲ್ಟ್ ಮಾತ್ರ ತಲುಪುತ್ತಿದೆ ಅಂದರೆ ಕಾಲು ಭಾಗಕ್ಕಿಂತ ಜಾಸ್ತಿ ಬೆಳಕು ಹೋಯಿತು ಅಂತಲೇ ಲೆಕ್ಕ.

ಈ ವೋಲ್ಟು ಎಲ್ಲಿ ಸೋರುತ್ತದೆ? ಬ್ರೈಟ್ ಹಾಕಿದಾಗ ಎರಡೂ ಬಲ್ಬು ಸೇರಿ ಸುಮಾರು 10 ಆಂಪಿಯರ್ ಎಳೆಯುತ್ತವೆ. ಹಳೆಯ ಅನೇಕ ಕಾರುಗಳಲ್ಲಿ ಅಷ್ಟೂ ಕರೆಂಟು ಸ್ಟೀರಿಂಗ್ ಪಕ್ಕದ ಸ್ವಿಚ್ಚಿನ ಮೂಲಕವೇ, ತೆಳು ವಯರಿನಲ್ಲೇ ಹೋಗಬೇಕು. ಕಾರವಾರ, ಅಂಕೋಲಾ, ಹೊನ್ನಾವರ ಕಡೆಯ ಗಾಡಿ ಆದರೆ ಇನ್ನೊಂದು ತೊಂದರೆ. ಉಪ್ಪು ಗಾಳಿಗೆ ಅರ್ಥಿಂಗ್ ಬೋಲ್ಟು (ಕರೆಂಟು ಬಾಡಿಯ ಮೂಲಕ ಬ್ಯಾಟರಿಗೆ ವಾಪಸ್ ಹೋಗುವ ಜಾಗ) ತುಕ್ಕು ಹಿಡಿದಿರುತ್ತದೆ, ವಯರು ಜೋಡಿಸುವ ಕಪ್ಲರ್ ಒಳಗಿನ ಪಿನ್ನುಗಳಲ್ಲಿ ಹಸಿರು ಕಿಲುಬು ಕೂತಿರುತ್ತದೆ. ಅರ್ಥಿಂಗ್ ಬಿಚ್ಚಿ, ತಿಕ್ಕಿ, ಗ್ರೀಸ್ ಹಚ್ಚಿ ಕಟ್ಟಿದರೆ ಸಾಕು, ಎಷ್ಟೋ ಗಾಡಿಗಳಲ್ಲಿ ಅಷ್ಟಕ್ಕೇ ಫರಕ್ಕು ಕಾಣುತ್ತದೆ. ಅದೂ ಸಾಲದಿದ್ದರೆ ರಿಲೇ ಕಿಟ್ ಹಾಕುತ್ತೇವೆ. ರಿಲೇ ಅಂದರೆ ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್ ಮಾಡುವ ಸ್ವಿಚ್ಚು. ಬ್ಯಾಟರಿಯಿಂದ ಫ್ಯೂಸ್ ಇಟ್ಟು ದಪ್ಪ ವಯರನ್ನು ನೇರ ಬಲ್ಬಿಗೆ ಕೊಡುವುದು. ಹಳೆಯ ಸ್ವಿಚ್ಚಿಗೆ ರಿಲೇ ಎಳೆಯುವ ಕೆಲಸ ಮಾತ್ರ. ಕಪ್ಲರ್‌ಗೆ ಕಪ್ಲರ್ ಸೇರುವ ಕಿಟ್ಟನ್ನೇ ಕೇಳಿ. ಕಂಪನಿ ವಯರು ಕತ್ತರಿಸಲು ಬಿಡಬೇಡಿ. ವಾರಂಟಿ ಇರುವ ಹೊಸ ಗಾಡಿಗಂತೂ ಮೊದಲು ಶೋರೂಮಿನಲ್ಲಿ ಕೇಳದೆ ಏನನ್ನೂ ಮುಟ್ಟಬೇಡಿ.

ಮೂರನೆಯದು ಬೆಳಕಿನ ಎತ್ತರ. ಇದಕ್ಕೆ ಖರ್ಚೇ ಇಲ್ಲ. ಸಮತಟ್ಟು ಜಾಗದಲ್ಲಿ ಗೋಡೆಯಿಂದ 10 ಮೀಟರ್ ದೂರ ಗಾಡಿ ನಿಲ್ಲಿಸಿ, ಡ್ರೈವರ್ ಸೀಟಿನಲ್ಲಿ ಒಬ್ಬರನ್ನು ಕೂರಿಸಿ ಡಿಪ್ ಹಾಕಿ. ಬೆಳಕಿನ ಮೇಲಂಚು ಬಲ್ಬಿನ ಎತ್ತರಕ್ಕಿಂತ 10ರಿಂದ 15 ಸೆಂಟಿಮೀಟರ್ ಕೆಳಗೆ ಬೀಳಬೇಕು. ಎಡಕ್ಕೆ ಆ ಅಂಚು ಸ್ವಲ್ಪ ಮೇಲೆದ್ದಿರುತ್ತದೆ. ಅದು ದೋಷ ಅಲ್ಲ. ನಾವು ಎಡಕ್ಕೆ ಓಡಿಸುವವರು, ರಸ್ತೆಯ ಎಡ ಅಂಚು, ಮೋರಿ, ನಡೆದು ಹೋಗುವವರು ಕಾಣಲಿ ಅಂತ ಹಾಗೆ ಮಾಡಿರುತ್ತಾರೆ. ಬಲಕ್ಕೆ ಓಡಿಸುವ ದೇಶಗಳ ಲ್ಯಾಂಪ್ ಸೆಟ್ ಅಗ್ಗಕ್ಕೆ ಸಿಕ್ಕಿತು ಅಂತ ತಂದು ಹಾಕಿದರೆ ಈ ಮೇಲೆದ್ದ ಭಾಗ ಎದುರಿನವರ ಕಣ್ಣಿಗೆ ಹೊಡೆಯುತ್ತದೆ.

ಡ್ಯಾಶ್‌ಬೋರ್ಡಿನಲ್ಲಿ 0, 1, 2, 3 ಅಂತ ಒಂದು ಸಣ್ಣ ಚಕ್ರ ಇರುತ್ತದೆ ಅಲ್ವಾ? ಅದನ್ನು ಮುಟ್ಟದೆಯೇ ಗಾಡಿ ಮಾರಿದವರೂ ಇದ್ದಾರೆ. ಡಿಕ್ಕಿಯಲ್ಲಿ ಅಡಿಕೆ ಮೂಟೆ ಹಾಕಿದರೆ ಹಿಂಭಾಗ ಕೂರುತ್ತದೆ, ಮೂತಿ ಮೇಲೇಳುತ್ತದೆ, ಬೆಳಕು ಮರದ ತುದಿ ನೋಡುತ್ತದೆ. ಆ ಚಕ್ರವನ್ನು 2ಕ್ಕೋ 3ಕ್ಕೋ ತಿರುಗಿಸಿದರೆ ಬೆಳಕು ರಸ್ತೆಗೆ ಇಳಿಯುತ್ತದೆ.

ಈಗ ಎಲ್‌ಇಡಿಗೆ ಬರೋಣ. ಎಚ್4 ಬಲ್ಬಿನೊಳಗೆ ಎರಡು ತಂತಿ. ಡಿಪ್ ತಂತಿಯ ಕೆಳಗೆ ಒಂದು ಪುಟ್ಟ ಲೋಹದ ಬಟ್ಟಲು. ಬೆಳಕನ್ನು ಮುಂದಕ್ಕೆ ಕಳಿಸುವ ರಿಫ್ಲೆಕ್ಟರಿನ ಕೆಳಭಾಗಕ್ಕೆ ಬೆಳಕು ಹೋಗದಂತೆ ಅದು ತಡೆಯುತ್ತದೆ, ಅದರಿಂದಲೇ ಮೇಲಂಚು ಗೆರೆ ಎಳೆದಂತೆ ಬರುವುದು. ಇಡೀ ರಿಫ್ಲೆಕ್ಟರ್ ರೂಪಿಸಿರುವುದು ಆ ತಂತಿ ಇರುವ ಜಾಗದ ಲೆಕ್ಕದಲ್ಲಿ. ಎಲ್‌ಇಡಿ ಬಲ್ಬಿನಲ್ಲಿ ಸುತ್ತಲೂ ಬೆಳಗುವ ತಂತಿ ಇಲ್ಲ, ಎರಡು ಬದಿಯಲ್ಲಿ ಚಿಪ್ ಇರುತ್ತದೆ. ಅದು ಒಂದೆರಡು ಮಿಲಿಮೀಟರ್ ಆಚೀಚೆ ಆದರೂ ಬೆಳಕು ಎಲ್ಲೆಲ್ಲೋ ಹೋಗುತ್ತದೆ. ಒಳ್ಳೆಯ ಎಲ್‌ಇಡಿ ಬಲ್ಬು ಇಲ್ಲ ಅಂತಲ್ಲ. ಆದರೆ ಡಬ್ಬಿಯ ಮೇಲೆ 20,000 ಲ್ಯೂಮೆನ್ ಅಂತ ಬರೆದು ಅಗ್ಗಕ್ಕೆ ಮಾರುವುದನ್ನು ನಾನು ನಂಬುವುದಿಲ್ಲ.

ಹಾಕಿಸಿದ ದಿನ ಮಾತ್ರ ಎಲ್ಲರಿಗೂ ಖುಷಿ, ಯಾಕೆಂದರೆ ಬಾನೆಟ್ ಮುಂದಿನ ರಸ್ತೆ ಹಗಲಿನಂತೆ ಬೆಳ್ಳಗಾಗುತ್ತದೆ. ಮೋಸ ಇರುವುದೇ ಅಲ್ಲಿ. ಹತ್ತಿರ ಬೆಳಕು ಜಾಸ್ತಿ ಆದರೆ ಕಣ್ಣು ಅದಕ್ಕೆ ಹೊಂದಿಕೊಳ್ಳುತ್ತದೆ, ದೂರದ ಕತ್ತಲು ಇನ್ನೂ ದಟ್ಟವಾಗುತ್ತದೆ. ನಮಗೆ ಬೇಕಾದ್ದು ದೂರ. 60 ಕಿಲೋಮೀಟರ್ ವೇಗ ಅಂದರೆ ಸೆಕೆಂಡಿಗೆ ಸುಮಾರು 17 ಮೀಟರ್. ತಿರುವಿನಲ್ಲಿ ಮಲಗಿದ ದನ ಕಂಡು ಕಾಲು ಬ್ರೇಕಿಗೆ ಹೋಗುವಷ್ಟರಲ್ಲಿ 25 ಮೀಟರ್ ಹೋಯಿತು. ಒದ್ದೆ ರಸ್ತೆಯಲ್ಲಿ ನಿಲ್ಲಲು ಇನ್ನೂ ಮೂವತ್ತಕ್ಕಿಂತ ಜಾಸ್ತಿ ಬೇಕು. ಹೆಚ್ಚಿನ ಡಿಪ್ ಲೈಟುಗಳು ಚೆನ್ನಾಗಿ ತೋರಿಸುವುದೇ ಹೆಚ್ಚುಕಮ್ಮಿ ಅಷ್ಟು ದೂರ.

ಮಳೆಯಲ್ಲಿ ಲೆಕ್ಕ ಇನ್ನೂ ಕೆಡುತ್ತದೆ. ನೆನೆದ ಡಾಂಬರು ಕನ್ನಡಿಯಂತೆ ಬೆಳಕನ್ನು ಮುಂದಕ್ಕೇ ಕಳಿಸುತ್ತದೆ, ನಮ್ಮ ಕಣ್ಣಿಗೆ ವಾಪಸ್ ಬರುವುದು ಕಡಿಮೆ. ಎದುರಿನವರ ಬೆಳಕು ಮಾತ್ರ ನೇರ ನಮ್ಮ ಮುಖಕ್ಕೆ. ಅದಕ್ಕೇ ಆಷಾಢದ ರಾತ್ರಿ ಎಂಥ ಬಲ್ಬಿದ್ದರೂ ರಸ್ತೆ ಕಪ್ಪಾಗೇ ಕಾಣುವುದು. 6000 ಕೆಲ್ವಿನ್ (ಬೆಳಕಿನ ಬಣ್ಣದ ಅಳತೆ, ಜಾಸ್ತಿ ಆದಷ್ಟೂ ನೀಲಿ) ಮೇಲಿನ ನೀಲಿ ಛಾಯೆಯ ಬೆಳಕು ಮಂಜಿನಲ್ಲಿ, ಜಡಿಮಳೆಯಲ್ಲಿ ಕಣ್ಣಿಗೆ ಬೇಗ ಆಯಾಸ ಕೊಡುತ್ತದೆ ಅನ್ನುವುದು ನನ್ನ ಅನುಭವ. ಹ್ಯಾಲೊಜೆನ್ನಿನ 3200 ಕೆಲ್ವಿನ್ ಸುತ್ತಿನ ಬಣ್ಣ ಘಾಟಿಗೆ ಹಿತ. ಅಲ್ಲಿ ದುಡ್ಡು ಹಾಕುವುದೇ ಆದರೆ ಬಂಪರಿನ ಕೆಳಗೆ ಒಂದು ಜೊತೆ ಒಳ್ಳೆಯ ಫಾಗ್ ಲ್ಯಾಂಪಿಗೆ ಹಾಕಿ. ಬೆಳಕು ತಗ್ಗಿನಲ್ಲಿ, ಅಗಲಕ್ಕೆ ಹರಡುತ್ತದೆ. ರಸ್ತೆಯ ಎಡ ಅಂಚಿನ ಹುಲ್ಲು ಕಾಣುತ್ತದೆ. ಮಂಜು ಹೋದ ಮೇಲೆ ಆರಿಸಿ.

100/90 ವ್ಯಾಟಿನ ಬಲ್ಬು ಕೇಳುವವರು ಈಗಲೂ ಇದ್ದಾರೆ. ನಾನು ಹಾಕುವುದಿಲ್ಲ. ಹೋಲ್ಡರ್ ಕರಗುತ್ತದೆ, ರಿಫ್ಲೆಕ್ಟರಿನ ಬೆಳ್ಳಿಯಂಥ ಲೇಪ ಸುಡುತ್ತದೆ. ಕಾನೂನಿಗೂ ಒಪ್ಪುವುದಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಂಪನಿ ಕೊಟ್ಟದ್ದನ್ನು ಮನಸ್ಸಿಗೆ ಬಂದಂತೆ ಬದಲಿಸುವ ಹಾಗಿಲ್ಲ. ಅದೇ ವ್ಯಾಟಿನ, ಅದೇ ಮಾದರಿಯ ಒಳ್ಳೆಯ ಹ್ಯಾಲೊಜೆನ್ ಹಾಕಿಸಿದರೆ ಈ ಯಾವ ಗೋಜೂ ಇಲ್ಲ. ಡಬ್ಬಿಯ ಮೇಲೆ ಶೇ 130 ಜಾಸ್ತಿ ಬೆಳಕು ಅಂತ ಬರೆದಿರುತ್ತದೆ. ಅದು ಒಟ್ಟು ಬೆಳಕಲ್ಲ, ರಸ್ತೆಯ ಒಂದು ಜಾಗದಲ್ಲಿ ಬೀಳುವ ಬೆಳಕಿನ ಲೆಕ್ಕ. ಆದರೂ ಘಾಟಿಗೆ ಆ ಜಾಗ ಉಪಯೋಗಕ್ಕೆ ಬರುತ್ತದೆ. ಆಯುಸ್ಸು ಮಾತ್ರ ಮಾಮೂಲಿ ಬಲ್ಬಿಗಿಂತ ಕಡಿಮೆ. ಹಾಕುವಾಗ ಗಾಜಿನ ಭಾಗಕ್ಕೆ ಬೆರಳು ತಾಗಿಸಬಾರದು. ಬೆರಳಿನ ಜಿಡ್ಡು ಇರುವಲ್ಲಿ ಬಿಸಿಯಾಗಿ ಬೇಗ ಸಾಯುತ್ತದೆ.

ಇಷ್ಟೆಲ್ಲ ಮಾಡಿದ ಮೇಲೂ "ಎದುರು ಗಾಡಿ ಬಂದರೆ ಏನೂ ಕಾಣೋದಿಲ್ಲ" ಅನ್ನುವವರಿಗೆ ನಾನು ಎರಡು ಪ್ರಶ್ನೆ ಕೇಳುತ್ತೇನೆ. ಮುಂದಿನ ಗಾಜಿನ ಒಳಮೈ ಒರೆಸಿ ಎಷ್ಟು ದಿನ ಆಯಿತು? ಕಣ್ಣು ತೋರಿಸಿ ಎಷ್ಟು ವರ್ಷ ಆಯಿತು? ಪೊರೆ ಬರಲು ಶುರುವಾದ ಕಣ್ಣಿನಲ್ಲಿ ಎದುರಿನ ಬೆಳಕು ಒಳಗೇ ಚದುರುತ್ತದೆ. ಐವತ್ತು ದಾಟಿದವರು, ಅದರಲ್ಲೂ ಯಕ್ಷಗಾನದ ಆಟ ನೋಡಿ ಮಧ್ಯರಾತ್ರಿ ಕುಮಟೆಯಿಂದ ಘಾಟಿ ಹತ್ತುವವರು, ಬಲ್ಬಿಗೆ ದುಡ್ಡು ಕೊಡುವ ಮೊದಲು ಕಣ್ಣಿನ ಡಾಕ್ಟರ ಹತ್ತಿರ ಹೋಗಿ ಬರುವುದು ಒಳ್ಳೆಯದು.