ಕಾಡು ಮುಚ್ಚಿದ ಗಣಿಗುಂಡಿಗಳು: ಚಿತ್ರದುರ್ಗದ ಗುಡ್ಡಗಳಿಗೆ ಲೇಸರ್ ಸರ್ವೆ ಏಕೆ ಬೇಕು?

ಚಿತ್ರದುರ್ಗದ ಕಾಡುಗುಡ್ಡಗಳಲ್ಲಿ ಗುಂಡಿಗಳಿಗೆ ಬರವಿಲ್ಲ. ಇಂಗಳದಾಳ್‌ನಲ್ಲಿ ತಾಮ್ರಕ್ಕಾಗಿ ಯಂತ್ರಗಳು ಇಳಿಯುವ ಮೊದಲೇ ಹಿಂದಿನವರು ತೋಡಿ ಬಿಟ್ಟ ಕುಳಿಗಳಿದ್ದವು. ಭೀಮಸಮುದ್ರದ ಸುತ್ತ ಕಬ್ಬಿಣದ ಅದಿರಿಗಾಗಿ ಅಗೆದದ್ದಂತೂ ನಮ್ಮ ಕಣ್ಣೆದುರಿಗೇ. ಇವುಗಳ ನಡುವಿನ ಕಾಲದಲ್ಲಿ ತೋಡಿ, ಈಗ ಗಿಡಗಂಟಿ ಮುಚ್ಚಿಕೊಂಡಿರುವ ಗುಂಡಿಗಳನ್ನು ಗುರುತಿಸುವುದು ಹೇಗೆ ಎಂಬುದೇ ಇಲ್ಲಿನ ಪ್ರಶ್ನೆ.

ಹಳೆಯ ಗುಂಡಿಯನ್ನು ಹುಡುಕುವುದು ಹೊಸ ಹವ್ಯಾಸವೇನಲ್ಲ. ಹಿಂದೆ ಅದರ ಉದ್ದೇಶ ಬೇರೆಯಾಗಿತ್ತು, ಅಷ್ಟೆ. 1802ರಲ್ಲಿ ಮೈಸೂರಿನ ಗಡಿ ಅಳೆಯುತ್ತಿದ್ದ ಜಾನ್ ವಾರೆನ್ ಕೋಲಾರದ ಹಳ್ಳಿಗರು ಚಿನ್ನ ತೆಗೆಯುವುದನ್ನು ಕಂಡು ವರದಿ ಬರೆದ. ಆ ವರದಿಯ ಜಾಡು ಹಿಡಿದು 1870ರ ದಶಕದಲ್ಲಿ ಲವೆಲ್ ಎಂಬ ನಿವೃತ್ತ ಸೈನಿಕ ಗಣಿ ಗುತ್ತಿಗೆ ಕೇಳಿದ. ಹಿಂದಿನವರು ಅಗೆದಲ್ಲಿ ಅದಿರು ಉಳಿದಿರುತ್ತದೆ ಎಂಬ ಲೆಕ್ಕಾಚಾರವೇ 1894ರಲ್ಲಿ ಆರಂಭವಾದ ಮೈಸೂರು ಭೂಗರ್ಭ ಇಲಾಖೆಯ ಶೋಧಕ್ಕೂ ದಾರಿ ತೋರಿತು. ಗುಂಡಿ ಅದಿರಿನ ಸುಳಿವಾಗಿತ್ತೇ ಹೊರತು, ಸ್ವತಃ ದಾಖಲಿಸಬೇಕಾದ ವಸ್ತುವೆಂದು ಬಗೆದವರು ವಿರಳ.

ಆ ದೃಷ್ಟಿ ಬದಲಾಗಲು ವಿಮಾನದ ಲೇಸರ್ ಬೇಕಾಯಿತು. ವಿಮಾನದಿಂದ ಸೆಕೆಂಡಿಗೆ ಲಕ್ಷಾಂತರ ಬೆಳಕಿನ ಮಿಡಿತಗಳನ್ನು ನೆಲದತ್ತ ಬಿಟ್ಟು, ಪ್ರತಿಯೊಂದೂ ಮರಳಿ ಬರುವ ಸಮಯದಿಂದ ದೂರವನ್ನು ಲೆಕ್ಕ ಹಾಕುತ್ತಾರೆ. ಲೇಸರ್ ಎಲೆಯನ್ನು ತೂರಿಕೊಂಡು ಹೋಗುತ್ತದೆ ಎಂದು ಹಲವರು ಬರೆಯುತ್ತಾರೆ, ಅದು ಸರಿಯಲ್ಲ. ಎಲೆಗಳ ಸಂದಿಯಲ್ಲಿ ಇಳಿದ ಬೆಳಕು ಮಾತ್ರ ನೆಲ ಮುಟ್ಟುತ್ತದೆ. ಒಂದೇ ಮಿಡಿತದ ಮೊದಲ ಪ್ರತಿಫಲನ ಮರದ ತಲೆಯಿಂದ ಬಂದರೆ, ಕೊನೆಯದು ಬಹುಮಟ್ಟಿಗೆ ನೆಲದಿಂದ ಬಂದಿರುತ್ತದೆ. ಮರಗಳಿಂದ ಬಂದ ಬಿಂದುಗಳನ್ನು ತೆಗೆದುಹಾಕಿದಾಗ ಬರಿನೆಲದ ನಕ್ಷೆ ಉಳಿಯುತ್ತದೆ. ಇಂಗ್ಲೆಂಡಿನ ಫಾರೆಸ್ಟ್ ಆಫ್ ಡೀನ್ ಕಾಡಿನ ವೆಲ್ಷ್‌ಬರಿ ಗುಡ್ಡದ ಮೇಲೆ ನಡೆದ ಪ್ರಯೋಗದ ಫಲಿತಾಂಶ 2005ರಲ್ಲಿ ಪ್ರಕಟವಾಯಿತು. ಮರುವರ್ಷ ಆ ಕಾಡನ್ನು ವಿಸ್ತಾರವಾಗಿ ಸ್ಕ್ಯಾನ್ ಮಾಡಿದರು. ಕಬ್ಬಿಣದ ಅದಿರು ತೆಗೆದ ಹಳೆಯ ಕುಳಿಗಳಿಗೆ ಆ ಕಾಡು ಹೆಸರಾದದ್ದು. ಯುರೋಪಿನ ಕಾಡುಗಳಲ್ಲಿ ಗುಂಡಿಗಳೂ ಲೇಸರ್ ನಕ್ಷೆಯ ಅಧ್ಯಯನದ ವಿಷಯವಾದವು.

ನಮ್ಮಲ್ಲಿ ಗುಂಡಿಗೆ ಬೆಲೆ ಬಂದದ್ದು ನ್ಯಾಯಾಲಯದ ಮೂಲಕ. 2011ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಚಿತ್ರದುರ್ಗ ಮತ್ತು ತುಮಕೂರು ಜಿಲ್ಲೆಗಳ ಕಬ್ಬಿಣದ ಗಣಿಗಾರಿಕೆಯನ್ನು ನಿಲ್ಲಿಸಿತು. ಬಳಿಕ ಅಕ್ರಮದ ಪ್ರಮಾಣ ನೋಡಿ ಗುತ್ತಿಗೆಗಳನ್ನು ಎ, ಬಿ, ಸಿ ಎಂದು ವಿಂಗಡಿಸಿದಾಗ, ಗುತ್ತಿಗೆ ಪ್ರದೇಶದ ಶೇ 10ಕ್ಕಿಂತ ಹೆಚ್ಚು ವಿಸ್ತೀರ್ಣದಷ್ಟು ಗುಂಡಿಯನ್ನು ಗಡಿಯಾಚೆ ತೋಡಿದ್ದವು ಸಿ ವರ್ಗಕ್ಕೆ ಸೇರಿದವು. 2013ರಲ್ಲಿ ಆ ವರ್ಗದ ಗುತ್ತಿಗೆಗಳು ರದ್ದಾದವು. ಅಂಚು ಎಲ್ಲಿದೆ ಎಂಬುದೇ ಗಣಿಯ ಭವಿಷ್ಯವನ್ನು ನಿರ್ಧರಿಸಿತು. ಖನಿಜ ಸಂರಕ್ಷಣೆ ನಿಯಮಗಳ 2021ರ ತಿದ್ದುಪಡಿಯಂತೆ 50 ಹೆಕ್ಟೇರ್ ಅಥವಾ ಹೆಚ್ಚಿನ ವಿಸ್ತೀರ್ಣದ ಗುತ್ತಿಗೆದಾರರು ಗಡಿಯ ಹೊರಗಿನ 100 ಮೀಟರ್‌ವರೆಗೂ ಡ್ರೋನ್ ಸರ್ವೆ ಮಾಡಿಸಬೇಕು. ಆದರೆ ಅದು ನಡೆಯುವ ಗಣಿಗಳಿಗೆ. ಕೈಬಿಟ್ಟ ಗುಂಡಿಗೆ ಗುತ್ತಿಗೆದಾರನೇ ಇಲ್ಲ.

ಚಿತ್ರದುರ್ಗದಲ್ಲಿ ಲೇಸರ್ ನಕ್ಷೆ ಸಿಕ್ಕರೂ ಅದನ್ನು ಓದುವುದು ಸುಲಭವಲ್ಲ. ಇಲ್ಲಿ ನೆಲದಲ್ಲಿ ಕಾಣುವ ಪ್ರತಿ ತಗ್ಗೂ ಗಣಿಯಲ್ಲ. ಹಾಳೂರಿನ ನಿವೇಶನದಲ್ಲಿ ಕಾಣುವ ಸಣ್ಣ ದುಂಡನೆಯ ಕುಳಿ, ನೆಲದೊಳಗೆ ರಾಗಿ ತುಂಬಿಡುತ್ತಿದ್ದ ಹಗೇವು ಕುಸಿದು ಆದದ್ದಿರಬಹುದು. ಗೋಕಟ್ಟೆಗೆ ನೀರು ಹರಿದು ಬರುವ ಮೇಲ್ಬದಿ ತೆರೆದಿರುತ್ತದೆ, ಏರಿ ಕೆಳಬದಿಯಲ್ಲಿರುತ್ತದೆ. ಇಳಿಜಾರಿಗೆ ಅಡ್ಡಲಾಗಿ ಸಮ ಅಂತರದಲ್ಲಿ ಸಾಲುಗಟ್ಟಿದವು ಅರಣ್ಯ ಇಲಾಖೆಯ ಟ್ರೆಂಚುಗಳು. ನಿಧಿಗಳ್ಳರು ತೋಡಿದವು ಗುಡಿಯ ಅಥವಾ ವೀರಗಲ್ಲಿನ ಬುಡ ಬಿಟ್ಟು ದೂರ ಹೋಗುವುದಿಲ್ಲ. ಗಣಿಗುಂಡಿಯಾದರೆ ಗುಡ್ಡದ ಕಡೆಗೆ ಕಡಿದಾದ ಗೋಡೆ, ಕೆಳಬದಿಗೆ ಎಸೆದ ಕಲ್ಲುರಾಶಿ, ಒಳಗೆ ಇಳಿಯಲು ಗಾಡಿಜಾಡು ಇವುಗಳಲ್ಲಿ ಎರಡಾದರೂ ಇರಬೇಕು. ಅದಿರಿನ ಗೆರೆಯನ್ನೇ ಹಿಂಬಾಲಿಸಿ ತೋಡಿದ್ದರೆ ಗುಂಡಿಗಳು ಸರದ ಮಣಿಗಳಂತೆ ಒಂದೇ ದಿಕ್ಕಿಗೆ ಸಾಗುತ್ತವೆ. ಕಟ್ಟಡದ ಕಲ್ಲಿಗಾದರೆ ಈ ಸಾಲು ಇರುವುದಿಲ್ಲ; ಕಲ್ಲು ಸೀಳಲು ಬಂಡೆಯ ಮೇಲೆ ಮಾಡಿದ ಬೆಣೆ ಗುರುತು ನೋಡಲು ಅಲ್ಲಿಗೇ ನಡೆದು ಹೋಗಬೇಕು, ಏಕೆಂದರೆ ಬೆರಳುದ್ದದ ಗುರುತು ಸಾಮಾನ್ಯ ವಿಮಾನ ಸರ್ವೆಗೆ ನಿಲುಕುವುದಿಲ್ಲ.

ನಕ್ಷೆ ಆಕಾರವನ್ನು ಕೊಡುತ್ತದೆ, ಕಾಲವನ್ನಲ್ಲ. ರಾಯಚೂರು ಜಿಲ್ಲೆಯ ಹಟ್ಟಿಯ ಹಳೆಯ ಚಿನ್ನದ ಗಣಿಗೆ ಸುಮಾರು 2,000 ವರ್ಷವೆಂದು ತಿಳಿದದ್ದು ಆಳದಲ್ಲಿ ದೊರೆತ ಮರದ ತುಂಡುಗಳ ಇಂಗಾಲ ಪರೀಕ್ಷೆಯಿಂದ. ಇಲ್ಲಿಯೂ ಅಂಥ ವಸ್ತು ಸಿಗಬೇಕು. ಇಲ್ಲದಿದ್ದರೆ ಒಂದು ಗುಂಡಿಯ ಕಲ್ಲುರಾಶಿ ಇನ್ನೊಂದರ ಮೇಲೆ ಬಿದ್ದಿದೆಯೇ ಎಂದು ನೋಡಿ ಮುಂಚಿನದು, ಆಮೇಲಿನದು ಎಂದಷ್ಟೇ ಹೇಳಬಹುದು.

2021ರ ಜೂನ್‌ನಲ್ಲಿ ಕೇಂದ್ರ ಪರಿಸರ ಸಚಿವಾಲಯ ಹತ್ತು ರಾಜ್ಯಗಳ ಕಾಡಿನ ಲೇಸರ್ ಸರ್ವೆ ವರದಿಗಳನ್ನು ಬಿಡುಗಡೆ ಮಾಡಿತು. ನೀರು ಇಂಗಿಸುವ ಕಾಮಗಾರಿ ಅದರ ಗುರಿ, ಕರ್ನಾಟಕ ಆ ಹತ್ತರಲ್ಲಿ ಇರಲಿಲ್ಲ. ಅಂಥ ದತ್ತಾಂಶ ಇಲ್ಲಿಗೂ ಸಿಕ್ಕರೆ ಅದರಲ್ಲೇ ಗುಂಡಿಗಳನ್ನೂ ಓದಬಹುದು, ಅದಕ್ಕೆಂದೇ ಬೇರೆಯಾಗಿ ಹಾರಬೇಕಿಲ್ಲ. ಹಾರುವುದೇ ಆದರೆ ಜೋಗಿಮಟ್ಟಿಯಂಥ ಎಲೆ ಉದುರುವ ಕಾಡಿಗೆ ಫೆಬ್ರವರಿ, ಮಾರ್ಚ್ ತಿಂಗಳುಗಳೇ ಸೂಕ್ತ. ನೆಲಕ್ಕಂಟಿ ಬೆಳೆದ ಲಂಟಾನದ ಪೊದೆಯನ್ನೇ ನೆಲವೆಂದು ಭ್ರಮಿಸುವ ತೊಂದರೆ ಆಗಲೂ ಪೂರ್ತಿ ತಪ್ಪದು. ಇನ್ನು ನಕ್ಷೆಯಲ್ಲಿ ಗುಂಡಿಗಳ ನಿಖರ ಸ್ಥಾನವನ್ನು ಎಲ್ಲರಿಗೂ ತೆರೆದಿಟ್ಟರೆ, ಅದನ್ನು ಮೊದಲು ತೆರೆದು ನೋಡುವವರು ನಿಧಿಗಳ್ಳರೇ ಎಂಬುದನ್ನು ಈ ಜಿಲ್ಲೆಯಲ್ಲಿ ಯಾರಿಗೂ ಬಿಡಿಸಿ ಹೇಳಬೇಕಿಲ್ಲ.