ಎಣ್ಣೆ ಮುಟ್ಟದವರ ಲಿವರ್‌ನಲ್ಲಿ ಕೊಬ್ಬು

ಸ್ಕ್ಯಾನಿಂಗ್ ರಿಪೋರ್ಟನ್ನು ಮೇಜಿನ ಮೇಲಿಟ್ಟು ಆ ಹೆಂಗಸು ನೇರವಾಗಿ ಕೇಳಿದರು: "ಇವ್ರು ನನಗೆ ಗೊತ್ತಾಗ್ದಂಗೆ ಕುಡೀತಾರಾ? ಹೇಳಿ ಸಾ." ಪಕ್ಕದಲ್ಲಿದ್ದ ಗಂಡ ತಲೆ ಮೇಲೆ ಕೈ ಹೊತ್ತು ಕೂತಿದ್ದರು. "ನಾನು ಎಣ್ಣೆ ಮುಟ್ದೋನೇ ಅಲ್ಲ ಕಣ್ ಸಾರ್. ಮಾದಪ್ಪನಾಣೆ." ರಿಪೋರ್ಟಿನಲ್ಲಿ ಬರೆದಿದ್ದದ್ದು ಫ್ಯಾಟಿ ಲಿವರ್, ಗ್ರೇಡ್ 2, ಅಂದರೆ ಮಧ್ಯಮ ಮಟ್ಟದ್ದು.

ಮಂಡ್ಯದಲ್ಲಿ ಫಿಸಿಷಿಯನ್ ಆಗಿರುವ ನನಗೆ ಈ ದೃಶ್ಯ ಹೊಸದಲ್ಲ. ಗುರುತು ಸಿಗದ ಹಾಗೆ ವಿವರ ಸ್ವಲ್ಪ ಬದಲಿಸಿದ್ದೇನೆ, ಅಷ್ಟೆ. ಲಿವರ್ ಅಂದ ತಕ್ಷಣ ನಮ್ಮವರಿಗೆ ಬಾರ್ ನೆನಪಾಗುತ್ತದೆ. ಬೇಕರಿ ನೆನಪಾಗುವುದಿಲ್ಲ. ಟೀ ಅಂಗಡಿಯಂತೂ ಖಂಡಿತ ಆಗುವುದಿಲ್ಲ.

ಆ ಯಜಮಾನರಿಗೆ 46 ವರ್ಷ. ಗೊಬ್ಬರ, ಬಿತ್ತನೆ ಬೀಜದ ಅಂಗಡಿ. ತೂಕ 82 ಕೆಜಿ. ಸಿಹಿ ಜಾಸ್ತಿ ತಿನ್ನುತ್ತೀರಾ ಅಂದೆ. "ಇಲ್ಲವೇ ಇಲ್ಲ. ಹಬ್ಬಕ್ಕೊಂದು ಒಬ್ಬಟ್ಟು, ಮದುವೆ ಮನೇಲಿ ಒಂದು ಮೈಸೂರು ಪಾಕ್." ಸುಳ್ಳಲ್ಲ. ಎಲ್ಲರೂ ಹೀಗೇ ಹೇಳುತ್ತಾರೆ, ಎಲ್ಲರೂ ನಿಜವನ್ನೇ ಹೇಳುತ್ತಾರೆ. ನಮ್ಮ ಲೆಕ್ಕದಲ್ಲಿ ಸಿಹಿ ಅಂದರೆ ಎಲೆ ಮೇಲೆ ಬಡಿಸುವ ಪದಾರ್ಥ. ಲೋಟದಲ್ಲಿ ಬರುವುದು ಸಿಹಿ ಅಲ್ಲ, ಅದು ಟೀ.

ಸರಿ, ಟೀ ಎಣಿಸೋಣ ಅಂದೆ. ಬೆಳಿಗ್ಗೆ ಎದ್ದು ಒಂದು, ತಿಂಡಿ ಆದ ಮೇಲೆ ಒಂದು. ಅಂಗಡಿ ಬಾಗಿಲು ತೆಗೆದಾಗ ಒಂದು. ರೈತರು ಬಂದಾಗ ಅವರ ಜೊತೆ ಎರಡು. ಸಂಜೆ ಒಂದು. ಆರಾಯಿತು. ಒಂದೊಂದಕ್ಕೆ ಎರಡು ಚಮಚ ಹಿಡಿದರೂ ಹನ್ನೆರಡು ಚಮಚ. ತಲೆ ತಟ್ಟಿದ ಟೀ ಚಮಚದಲ್ಲಿ 4 ಗ್ರಾಂ ಸಕ್ಕರೆ ಹಿಡಿಯುತ್ತದೆ, ಅಂದರೆ 48 ಗ್ರಾಂ. ಟೀ ಅಂಗಡಿಯವರ ಚಮಚಕ್ಕೆ ತಲೆ ತಟ್ಟಿ ಅಭ್ಯಾಸವಿಲ್ಲ, ಆ ಮಾತು ಬೇರೆ. ಮಧ್ಯಾಹ್ನ ಬಿಸಿಲಿಗೆ 250 ಎಂಎಲ್‌ನ ಒಂದು ಕೂಲ್ ಡ್ರಿಂಕ್. ಅದರಲ್ಲಿ ಸುಮಾರು 26 ಗ್ರಾಂ. ಟೀ ಜೊತೆ ನಾಲ್ಕು ಕ್ರೀಮ್ ಬಿಸ್ಕತ್ತು. ಎಲ್ಲ ಕೂಡಿದರೆ ದಿನಕ್ಕೆ 90 ಗ್ರಾಂ ಹತ್ತಿರ.

ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿದ ಮಿತಿ, ದಿನದ ಒಟ್ಟು ಕ್ಯಾಲೊರಿಯಲ್ಲಿ ಹೀಗೆ ಮೇಲಿಂದ ಸೇರುವ ಸಕ್ಕರೆಯ ಪಾಲು ಶೇ 10ಕ್ಕಿಂತ ಕಡಿಮೆ ಇರಬೇಕು ಅಂತ. ಎರಡು ಸಾವಿರ ಕ್ಯಾಲೊರಿ ತಿನ್ನುವವರಿಗೆ ಅದು 50 ಗ್ರಾಂ. ಶೇ 5ಕ್ಕೆ, ಅಂದರೆ 25 ಗ್ರಾಂಗೆ ಇಳಿಸಿದರೆ ಇನ್ನೂ ಒಳ್ಳೆಯದು. ಹಣ್ಣಿನ ರಸ, ಜೇನುತುಪ್ಪವೂ ಈ ಲೆಕ್ಕದೊಳಗೆ ಬರುತ್ತವೆ. ಇಡಿಯಾಗಿ ಕಚ್ಚಿ ತಿನ್ನುವ ಹಣ್ಣು ಬರುವುದಿಲ್ಲ.

ಗ್ರಾಂ ಲೆಕ್ಕ ಅವರಿಗೆ ಅಷ್ಟಾಗಿ ನಾಟಲಿಲ್ಲ. ಮೂಟೆ ಲೆಕ್ಕ ಹೇಳಿದೆ. ದಿನಕ್ಕೆ 90 ಗ್ರಾಂ ಅಂದರೆ ವರ್ಷಕ್ಕೆ 33 ಕೆಜಿ ಹತ್ತಿರ. ನಿಮ್ಮ ಅಂಗಡಿಯ ಡಿಎಪಿ ಮೂಟೆ 50 ಕೆಜಿ, ಅಲ್ವಾ? ಅದರಲ್ಲಿ ಮುಕ್ಕಾಲಿಗೆ ಸ್ವಲ್ಪ ಕಮ್ಮಿ. ಆಗ ಸುಮ್ಮನಾದರು.

ಈಗ ಅವರ ಹೆಂಡತಿಯ ಪ್ರಶ್ನೆಗೆ ಬರೋಣ. ಕುಡಿಯದಿದ್ದರೂ, ಬರೀ ಸಕ್ಕರೆ ತಿಂದರೆ ಲಿವರ್‌ಗೆ ಯಾಕೆ ಪೆಟ್ಟು?

ಸಕ್ಕರೆಯ ಒಂದೊಂದು ಕಣವೂ ಎರಡು ತುಂಡು ಸೇರಿ ಆದದ್ದು. ಒಂದು ಗ್ಲೂಕೋಸ್, ಇನ್ನೊಂದು ಫ್ರಕ್ಟೋಸ್. ಸಣ್ಣ ಕರುಳಿನಲ್ಲಿ ಇವೆರಡೂ ಬೇರೆಯಾಗುತ್ತವೆ. ಗ್ಲೂಕೋಸ್ ರಕ್ತದಲ್ಲಿ ಸುತ್ತುತ್ತದೆ. ಮಿದುಳು, ಮಾಂಸಖಂಡ ಎಲ್ಲವೂ ತಮಗೆ ಬೇಕಾದಷ್ಟು ತೆಗೆದುಕೊಳ್ಳುತ್ತವೆ. ನಾವು ರಕ್ತ ಪರೀಕ್ಷೆಯಲ್ಲಿ ನೋಡುವ 'ಶುಗರ್' ಇದೇ. ಫ್ರಕ್ಟೋಸ್‌ನ ದಾರಿ ಬೇರೆ. ಸ್ವಲ್ಪ ಪಾಲನ್ನು ಕರುಳೇ ನಿಭಾಯಿಸುತ್ತದೆ. ಜಾಸ್ತಿ ಆದಾಗ ಬಹುಪಾಲು ನೇರ ಲಿವರ್‌ಗೆ ಹೋಗುತ್ತದೆ.

ನಾಲೆ ನೀರಿನ ಊರಿನವರಿಗೆ ಇದನ್ನು ತೂಬಿನ ಲೆಕ್ಕದಲ್ಲಿ ಹೇಳುತ್ತೇನೆ. ಗ್ಲೂಕೋಸ್ ಬರುವ ದಾರಿಗೆ ಲಿವರ್ ಒಂದು ತೂಬು ಇಟ್ಟುಕೊಂಡಿದೆ. ಸಾಕು ಅನ್ನಿಸಿದರೆ ಇಳಿಸುತ್ತದೆ. ಫ್ರಕ್ಟೋಸ್ ಆ ತೂಬನ್ನು ತಪ್ಪಿಸಿಕೊಂಡು ಪಕ್ಕದಿಂದ ನುಗ್ಗುತ್ತದೆ. ಎಷ್ಟು ಬಂದರೂ ಒಳಗೆ. ಬಂದದ್ದನ್ನು ಏನಾದರೂ ಮಾಡಲೇಬೇಕಲ್ಲ? ಲಿವರ್ ಅದರಲ್ಲಿ ಒಂದಷ್ಟನ್ನು ಕೊಬ್ಬು ಮಾಡುತ್ತದೆ. ಆ ಕೊಬ್ಬು ಸ್ವಲ್ಪ ಟ್ರೈಗ್ಲಿಸರೈಡ್ ಆಗಿ ರಕ್ತಕ್ಕೆ ಹೋಗುತ್ತದೆ, ಉಳಿದದ್ದು ಅಲ್ಲೇ ಕೂರುತ್ತದೆ. ಲಿವರ್‌ನ ಶೇ 5ಕ್ಕಿಂತ ಹೆಚ್ಚು ಭಾಗ ಕೊಬ್ಬಾದರೆ ಅದಕ್ಕೆ ಫ್ಯಾಟಿ ಲಿವರ್ ಅನ್ನುತ್ತೇವೆ. ಇದೇ ಗಡಿಬಿಡಿಯಲ್ಲಿ ಯೂರಿಕ್ ಆಸಿಡ್ ಕೂಡ ಏರುತ್ತದೆ. ಕಾಲಿನ ಹೆಬ್ಬೆರಳು ರಾತ್ರೋರಾತ್ರಿ ಊದಿಕೊಂಡು ಬರುವವರಿಗೆ ನಾನು ಮಾಂಸದ ಜೊತೆ ಕೂಲ್ ಡ್ರಿಂಕ್ ಬಗ್ಗೆಯೂ ಕೇಳುವುದು ಅದಕ್ಕೇ.

ರಕ್ತದ ಶುಗರ್ ಹತೋಟಿಯಲ್ಲಿಡುವ ಹಾರ್ಮೋನ್ ಇನ್ಸುಲಿನ್. ಕೊಬ್ಬು ಕೂತ ಲಿವರ್ ಅದರ ಮಾತು ಕೇಳುವುದಿಲ್ಲ. ಉಪವಾಸದಲ್ಲಿದ್ದರೂ ರಕ್ತಕ್ಕೆ ಗ್ಲೂಕೋಸ್ ಬಿಡುತ್ತಲೇ ಇರುತ್ತದೆ. "ರಾತ್ರಿ ಊಟಾನೇ ಮಾಡಿಲ್ಲ, ಬೆಳಿಗ್ಗೆ ಶುಗರ್ ಹೆಂಗೆ ಜಾಸ್ತಿ?" ಅನ್ನುವ ಪ್ರಶ್ನೆಗೆ ಉತ್ತರ ಅನೇಕ ಸಲ ಇಲ್ಲಿದೆ. ಸಕ್ಕರೆ ತಿಂದವರಿಗೆಲ್ಲ ಸಕ್ಕರೆ ಕಾಯಿಲೆ ಬರುತ್ತದೆ ಅಂತ ಅಲ್ಲ. ತೂಕ, ವಂಶ, ಕೂತು ಮಾಡುವ ಕೆಲಸ, ತಟ್ಟೆ ತುಂಬ ಅನ್ನ, ಎಲ್ಲವೂ ಸೇರಿಕೊಳ್ಳುತ್ತವೆ. ಆದರೆ ಕುಡಿಯುವ ಸಕ್ಕರೆ ಆ ದಾರಿಯನ್ನು ಹತ್ತಿರ ಮಾಡುತ್ತದೆ. ಎರಡು ಮುದ್ದೆ ಉಂಡರೆ ಹೊಟ್ಟೆ ಸಾಕು ಅನ್ನುತ್ತದೆ. ಒಂದು ಬಾಟಲಿ ಕುಡಿದರೆ ಹಾಗೆ ಅನ್ನುವುದಿಲ್ಲ. ಕುಡಿದೂ ಉಣ್ಣುತ್ತೇವೆ.

ತೊಂದರೆ ಅಂದರೆ ಲಿವರ್ ನೋಯುವುದಿಲ್ಲ. ಲಿವರ್‌ಗೆ ಮಾಡಿಸುವ ರಕ್ತ ಪರೀಕ್ಷೆ ಎಸ್‌ಜಿಪಿಟಿ ಕೂಡ ನಾರ್ಮಲ್ ಇರಬಹುದು. ನಾನು ಮೊದಲು ನೋಡುವುದು ಕುತ್ತಿಗೆ. ಕುತ್ತಿಗೆಯ ಹಿಂದೆ, ಕಂಕುಳಲ್ಲಿ ಚರ್ಮ ದಪ್ಪಗಾಗಿ ಕಪ್ಪು ಮಖಮಲ್ಲಿನ ಹಾಗಿದ್ದರೆ ಅದು ಇನ್ಸುಲಿನ್ ಕೆಲಸ ಮಾಡುತ್ತಿಲ್ಲ ಅನ್ನುವ ಸೂಚನೆ ಇರಬಹುದು. ತಾಯಂದಿರು ಅದನ್ನು ಕೊಳೆ ಅಂದುಕೊಂಡು ಹತ್ತು ಹನ್ನೆರಡು ವರ್ಷದ ಮಕ್ಕಳ ಕತ್ತನ್ನು ನಿಂಬೆಹಣ್ಣು ಹಾಕಿ ಉಜ್ಜಿರುತ್ತಾರೆ. ಪಾಪ, ಉರಿಯುತ್ತೆ. ಉಜ್ಜಿದರೆ ಹೋಗುವುದಲ್ಲ ಅದು. ಆಮೇಲೆ ಟೇಪು ಹಿಡಿದು ಸೊಂಟ ಅಳೆಯುತ್ತೇನೆ. ನಮ್ಮ ಜನರಲ್ಲಿ ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80 ದಾಟಿದರೆ ಎಚ್ಚರ ಬೇಕು. ಕೈಕಾಲು ಸಣ್ಣ, ಹೊಟ್ಟೆ ಮಾತ್ರ ಮುಂದೆ, ಇದು ನಮ್ಮ ಕಡೆಯ ಮಾದರಿ.

ಇನ್ನು ಬೆಲ್ಲ. ಈ ಊರಿನಲ್ಲಿ ಇದನ್ನು ಮಾತಾಡುವುದು ಕಷ್ಟ. ನಾನೂ ಕಬ್ಬಿನ ಗದ್ದೆಯ ಮನೆಯವನೇ. ಕನ್ನಂಬಾಡಿ ನೀರು ಬಂತು, 1933ರಲ್ಲಿ ಸಕ್ಕರೆ ಕಾರ್ಖಾನೆ ಬಂತು, ಮಂಡ್ಯ ಸಕ್ಕರೆ ನಾಡಾಯಿತು. ನನ್ನ ಓದಿನ ಫೀಸೂ ಕಬ್ಬಿನಿಂದಲೇ ಬಂತು. ಆಲೆಮನೆಯ ಬಿಸಿ ಬೆಲ್ಲ ತಿನ್ನದೆ ಬೆಳೆದವನಲ್ಲ. ಆದರೆ "ಸಕ್ಕರೆ ಬಿಟ್ಟೆ ಸಾರ್, ಈಗ ಬೆಲ್ಲದ ಟೀ" ಅಂತ ಹೆಮ್ಮೆಯಿಂದ ಹೇಳುವವರಿಗೆ ಉತ್ತರ ಕೊಡಲೇಬೇಕಲ್ಲ. ಬೆಲ್ಲವೂ ಬಹುಪಾಲು ಅದೇ ಸಕ್ಕರೆ. ನೂರು ಗ್ರಾಂ ಸಕ್ಕರೆಯಲ್ಲಿ ಸುಮಾರು 400 ಕ್ಯಾಲೊರಿ, ಬೆಲ್ಲದಲ್ಲಿ ಸುಮಾರು 380. ಕಬ್ಬಿಣದ ಅಂಶ ಇದೆ, ನಿಜ. ಅದಕ್ಕಾಗಿ ಬೆಲ್ಲ ತಿನ್ನುವುದಕ್ಕಿಂತ ಸೊಪ್ಪಿನ ಸಾರು ಮಾಡಿಕೊಳ್ಳಿ. ಲಿವರ್‌ಗೆ ಬಣ್ಣ ಕಾಣಿಸುವುದಿಲ್ಲ. ಸಾವಯವ ಅನ್ನುವ ಚೀಟಿ ಓದಲಿಕ್ಕೂ ಬರುವುದಿಲ್ಲ.

ಕಬ್ಬಿನ ಹಾಲಿಗೂ ಇದೇ ಮಾತು. 200 ಎಂಎಲ್ ಲೋಟದಲ್ಲಿ ಸುಮಾರು 25 ಗ್ರಾಂ ಸಕ್ಕರೆ. ಕಬ್ಬು ಸಿಹಿಯಾಗಿದ್ದರೆ ಇನ್ನೂ ಜಾಸ್ತಿ. ನಿಂಬೆ, ಶುಂಠಿ ಹಾಕಿದರೆ ರುಚಿ ಬದಲಾಗುತ್ತದೆ, ಲೆಕ್ಕ ಬದಲಾಗುವುದಿಲ್ಲ. ಬಾಯಾರಿಕೆಗೆ ಮದ್ದೂರು ಎಳನೀರು ಎಷ್ಟೋ ವಾಸಿ, ಅಷ್ಟೇ ಲೋಟಕ್ಕೆ ಹತ್ತು ಗ್ರಾಂ ಒಳಗೇ ಇರುತ್ತದೆ. ನೀರು ಅದಕ್ಕಿಂತ ವಾಸಿ. ಮದ್ದೂರು ವಡೆಯ ಮೇಲೆ ನನಗೆ ಬೇರೆ ತಕರಾರಿದೆ, ಇನ್ನೊಮ್ಮೆ ಬರೆಯುತ್ತೇನೆ.

ಹಲ್ಲಿನ ವಿಷಯ ದಂತ ವೈದ್ಯರಿಗೆ ಬಿಡುತ್ತೇನೆ. ಒಂದೇ ಮಾತು: ಅಲ್ಲಿ ಎಷ್ಟು ತಿಂದಿರಿ ಅನ್ನುವುದಕ್ಕಿಂತ ಎಷ್ಟು ಸಲ ತಿಂದಿರಿ ಅನ್ನುವುದು ಮುಖ್ಯ.

ಒಂದು ಎಚ್ಚರಿಕೆ ಮಾತ್ರ ಮರೆಯಬೇಡಿ. ಇನ್ಸುಲಿನ್ ಅಥವಾ ಶುಗರ್ ಇಳಿಸುವ ಕೆಲವು ಮಾತ್ರೆ ತೆಗೆದುಕೊಳ್ಳುವವರಿಗೆ ಇದ್ದಕ್ಕಿದ್ದಂತೆ ಬೆವರು, ನಡುಕ, ಕಣ್ಣು ಕತ್ತಲೆ ಬಂದರೆ ಆ ಹೊತ್ತಿಗೆ ಸಕ್ಕರೆಯೇ ಔಷಧಿ. ಮೂರು ನಾಲ್ಕು ಚಮಚ ನೀರಿಗೆ ಹಾಕಿ ತಕ್ಷಣ ಕುಡಿಯಬೇಕು. ಎಚ್ಚರ ತಪ್ಪಿದವರ ಬಾಯಿಗೆ ಮಾತ್ರ ಏನೂ ಹಾಕಬಾರದು, ಆಸ್ಪತ್ರೆಗೆ ಓಡಬೇಕು. "ಡಾಕ್ಟ್ರು ಸಕ್ಕರೆ ಬೇಡ ಅಂದವ್ರೆ" ಅಂತ ನಡುಗುತ್ತಾ ಕೂತಿದ್ದವರನ್ನೂ ನೋಡಿದ್ದೇನೆ.

ನಮ್ಮ ಗೊಬ್ಬರದ ಅಂಗಡಿಯವರಿಗೆ ನಾನು ಮಾತ್ರೆ ಬರೆಯಲಿಲ್ಲ. ಟೀ ಬಿಡಿ ಅಂತಲೂ ಹೇಳಲಿಲ್ಲ, ಹೇಳಿದರೆ ಅವರು ನನ್ನನ್ನು ಬಿಡುತ್ತಿದ್ದರು. ಕೂಲ್ ಡ್ರಿಂಕ್ ಮತ್ತು ಬಿಸ್ಕತ್ತು ಆವತ್ತಿಂದಲೇ ಬಂದ್. ಟೀ ಮೂರಕ್ಕೆ ಇಳಿಯಬೇಕು. ಸಕ್ಕರೆ ವಾರಕ್ಕೆ ಅರ್ಧ ಚಮಚದಂತೆ ಕಡಿಮೆ. ನಾಲಿಗೆ ಕೆಲವೇ ವಾರಗಳಲ್ಲಿ ಹೊಂದಿಕೊಳ್ಳುತ್ತದೆ, ಆಮೇಲೆ ಹಳೇ ಟೀ ಕುಡಿದರೆ ಪಾಯಸ ಕುಡಿದ ಹಾಗೆ ಅನ್ನಿಸುತ್ತದೆ. ಸಕ್ಕರೆ ಬದಲಿನ ಗುಳಿಗೆ ಕೇಳಿದರು, ಬೇಡ ಅಂದೆ. ತೂಕ ಇಳಿಸಲು ಅವುಗಳನ್ನು ನಂಬಬೇಡಿ ಅಂತ 2023ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೇ ಹೇಳಿದೆ. ಸಂಜೆ ಮುಕ್ಕಾಲು ಗಂಟೆ ನಡಿಗೆ. ತೂಕ ಶೇ 5ರಷ್ಟು ಇಳಿದರೂ ಲಿವರ್‌ನ ಕೊಬ್ಬು ಕರಗತೊಡಗುತ್ತದೆ. ಶೇ 7ರಿಂದ 10 ಇಳಿದರೆ ಒಳಗಿನ ಊತವೂ ತಗ್ಗುತ್ತದೆ. ಕೊಬ್ಬಿನ ಹಂತದಲ್ಲಿ ಲಿವರ್ ಹಿಂದಿನ ಸ್ಥಿತಿಗೆ ಮರಳಬಹುದು. ಗಟ್ಟಿಯಾಗಿ ಸಿರೋಸಿಸ್ ಆದ ಮೇಲೆ ಅಷ್ಟು ಸುಲಭವಲ್ಲ.

ಮೂರು ತಿಂಗಳಿಗೆ ಬಂದಾಗ ಟೆಸ್ಟಿಗೆ ಎರಡು ದಿನ ಮುಂಚೆ ಟೀ ಪೂರ್ತಿ ಬಿಟ್ಟಿದ್ದರು. ನಂಬರ್ ಚೆನ್ನಾಗಿ ಬರಲಿ ಅಂತ. ಹೀಗೆ ಮಾಡುವವರು ಬೇಕಾದಷ್ಟು ಜನ. ಎಚ್‌ಬಿಎ1ಸಿ ಅನ್ನುವ ರಕ್ತ ಪರೀಕ್ಷೆ ಹಿಂದಿನ ಎರಡು ಮೂರು ತಿಂಗಳ ಶುಗರ್ ಲೆಕ್ಕ ಹೇಳುತ್ತದೆ, ಎರಡು ದಿನದ ಉಪವಾಸಕ್ಕೆ ಅದು ಬಗ್ಗುವುದಿಲ್ಲ ಅಂದೆ. ನಕ್ಕರು. ಅವರದು ಶೇ 6.3ರಿಂದ 5.9ಕ್ಕೆ ಇಳಿದಿತ್ತು. 6.5 ಮುಟ್ಟಿದ್ದರೆ ಸಕ್ಕರೆ ಕಾಯಿಲೆ ಅಂತ ಬರೆಯಬೇಕಾಗಿತ್ತು.

ಆರು ತಿಂಗಳಿಗೆ ತೂಕ 76. ಸ್ಕ್ಯಾನಿಂಗ್‌ನಲ್ಲಿ ಗ್ರೇಡ್ 1. ಹೆಂಡತಿ ಈ ಸಲ ಗಂಡನ ಬಗ್ಗೆ ಏನೂ ಕೇಳಲಿಲ್ಲ. ಬ್ಯಾಗಿನಿಂದ ಇನ್ನೊಂದು ಕವರ್ ತೆಗೆದು ಮೇಜಿನ ಮೇಲಿಟ್ಟರು. ಅವರದೇ ಹೊಟ್ಟೆಯ ಸ್ಕ್ಯಾನಿಂಗ್. ಫ್ಯಾಟಿ ಲಿವರ್, ಗ್ರೇಡ್ 2. ಮನೆಯಲ್ಲಿ ಇದ್ದದ್ದು ಒಂದೇ ಸಕ್ಕರೆ ಡಬ್ಬಿ. ಈಗ ಅವರ ಕಾಫಿ ಎಣಿಸುತ್ತಿದ್ದೇವೆ.