ಸ್ಟೊಕ್ಯಾಸ್ಟಿಕ್ ಥರ್ಮೊಡೈನಮಿಕ್ಸ್: ಒಂದೇ ಕಣದ ಎಂಜಿನ್ನಿನ ಲೆಕ್ಕ

'ಸ್ಟೊಕ್ಯಾಸ್ಟಿಕ್' ಪದದ ಬೇರು ಗ್ರೀಕ್ ಭಾಷೆಯ 'ಸ್ಟೋಖೋಸ್', ಅಂದರೆ ಗುರಿ. ಗುರಿಯನ್ನು ಅಂದಾಜಿಸುವುದು ಎಂಬಲ್ಲಿಂದ ಊಹೆಯ ಅರ್ಥ ಹುಟ್ಟಿ, ಈಗ ವಿಜ್ಞಾನದಲ್ಲಿ ಅದು 'ಯಾದೃಚ್ಛಿಕ' ಎಂಬ ಅರ್ಥದಲ್ಲಿ ನೆಲೆನಿಂತಿದೆ.

ಉಗಿ ಎಂಜಿನ್ನಿನ ಸಿಲಿಂಡರಿನಲ್ಲಿ ಎಣಿಕೆಗೆ ಮೀರಿದ ಅಣುಗಳಿರುವುದರಿಂದ ಅವುಗಳ ಬಿಡಿ ಅಲುಗಾಟಗಳು ಸರಾಸರಿಯಲ್ಲಿ ಅಡಗಿಹೋಗುತ್ತವೆ. ಹೀಗಾಗಿ ಒಂದು ಸುತ್ತಿಗೆ ದೊರೆಯುವ ಕೆಲಸ ಹೆಚ್ಚುಕಡಿಮೆ ನಿಶ್ಚಿತ. ಎಂಜಿನ್ ಒಂದೇ ಕಣದ್ದಾದಾಗ ಈ ಆಸರೆ ಇರುವುದಿಲ್ಲ. ಕೋಣೆಯ ತಾಪದಲ್ಲಿ ಉಷ್ಣಚಲನೆಯ ಶಕ್ತಿಯ ಅಳತೆ ಸುಮಾರು 4 × 10⁻²¹ ಜೂಲ್. ಇಂಥ ಎಂಜಿನ್ ಒಂದು ಸುತ್ತಿನಲ್ಲಿ ಕೊಡುವ ಕೆಲಸವೂ ಅದೇ ಮಟ್ಟದ್ದು. ಆದ್ದರಿಂದ ಕೆಲಸ, ಶಾಖ, ಎಂಟ್ರೊಪಿ (ಅವ್ಯವಸ್ಥೆಯ ಅಳತೆ) ಇವುಗಳನ್ನು ಕಣ ಸಾಗಿದ ಒಂದೊಂದು ಹಾದಿಗೂ ಪ್ರತ್ಯೇಕವಾಗಿ ಲೆಕ್ಕಹಾಕುವ ಶಾಸ್ತ್ರವೇ ಸ್ಟೊಕ್ಯಾಸ್ಟಿಕ್ ಥರ್ಮೊಡೈನಮಿಕ್ಸ್.

2012ರಲ್ಲಿ ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ ಭೌತವಿಜ್ಞಾನಿಗಳಾದ ಬ್ಲಿಕ್ಲೆ ಮತ್ತು ಬೆಕಿಂಗರ್ ಕಟ್ಟಿದ ಸ್ಟರ್ಲಿಂಗ್ ಎಂಜಿನ್ನನ್ನು (ಬಿಸಿಯಲ್ಲಿ ಹಿಗ್ಗಿ, ತಂಪಿನಲ್ಲಿ ಕುಗ್ಗಿ ಕೆಲಸ ಕೊಡುವ ಎಂಜಿನ್) ನೋಡಿದರೆ ಈ ಮಾತು ಸ್ಪಷ್ಟವಾಗುತ್ತದೆ. ನೀರಿನಲ್ಲಿ ತೇಲುವ ಸುಮಾರು 3 ಮೈಕ್ರೊಮೀಟರ್ ವ್ಯಾಸದ ಮಣಿಯೊಂದನ್ನು ಲೇಸರ್ ಕಿರಣ ಹಿಡಿದಿಡುತ್ತದೆ, ಮತ್ತು ಆ ಹಿಡಿತ ಸ್ಪ್ರಿಂಗಿನಂತೆ ವರ್ತಿಸುತ್ತದೆ. ಕಿರಣದ ತೀವ್ರತೆ ಏರಿಸಿದರೆ ಸ್ಪ್ರಿಂಗ್ ಬಿಗಿಯಾಗಿ ಸಂಕೋಚನವಾಗುತ್ತದೆ, ಇಳಿಸಿದರೆ ವ್ಯಾಕೋಚನವಾಗುತ್ತದೆ; ನೀರನ್ನು ಬಿಸಿಮಾಡಲು ಇನ್ನೊಂದು ಲೇಸರ್ ಇದೆ. ಸ್ಪ್ರಿಂಗಿನ ಬಿಗಿ ಬದಲಾದದ್ದರಿಂದ ಉಂಟಾದ ಶಕ್ತಿಯ ವ್ಯತ್ಯಾಸ ಕೆಲಸ. ಅಣುಗಳ ತಳ್ಳಾಟಕ್ಕೆ ಮಣಿ ಜಾಗ ಬದಲಿಸಿದ್ದರಿಂದ ಉಂಟಾದದ್ದು ಶಾಖ. ಇಷ್ಟು ಸರಳವಾದ ವಿಂಗಡಣೆ ಒಂದೇ ಮಣಿಗೂ ಸಾಧ್ಯವೆಂಬುದೇ ಈ ಶಾಸ್ತ್ರದ ನಿಜವಾದ ಸೊಗಸು.

ಕೆಲವೊಂದು ಸುತ್ತಿನಲ್ಲಿ ಈ ಎಂಜಿನ್ ಕೆಲಸ ಕೊಡುವ ಬದಲು ತಾನೇ ಕೆಲಸ ಪಡೆದುಕೊಳ್ಳುವುದುಂಟು. ಅದರಿಂದ ಥರ್ಮೊಡೈನಮಿಕ್ಸ್‌ನ ಎರಡನೆಯ ನಿಯಮ (ಒಟ್ಟು ಎಂಟ್ರೊಪಿ ಕಡಿಮೆಯಾಗದು ಎಂಬುದು) ಮುರಿಯುವುದಿಲ್ಲ, ಏಕೆಂದರೆ ಇಲ್ಲಿ ಆ ನಿಯಮ ಸರಾಸರಿಗೆ ಅನ್ವಯಿಸುತ್ತದೆ. ಭೌತವಿಜ್ಞಾನಿ ಜಾರ್ಜಿನ್ಸ್ಕಿ 1997ರಲ್ಲಿ ಕಂಡುಕೊಂಡ ಸಮೀಕರಣ ಇನ್ನೂ ಮುಂದೆ ಹೋಗುತ್ತದೆ: ಕಣವನ್ನು ಎಷ್ಟೇ ಅವಸರದಿಂದ ಎಳೆದಾಡಿದರೂ, ಹಲವು ಸಲ ಅಳೆದ ಕೆಲಸದ ಘಾತೀಯ ಸರಾಸರಿಯಿಂದ (ಕಡಿಮೆ ಕೆಲಸ ತಗುಲಿದ ಸಲಗಳಿಗೆ ಹೆಚ್ಚು ತೂಕ ಕೊಡುವ ಸರಾಸರಿ) ಏರುಪೇರಿಲ್ಲದೆ ನೆಲೆಗೊಂಡ ಸಮತೋಲನ ಸ್ಥಿತಿಗಳ ನಡುವಿನ ಮುಕ್ತಶಕ್ತಿಯ, ಅಂದರೆ ಕೆಲಸಕ್ಕೆ ಒದಗಬಲ್ಲ ಶಕ್ತಿಯ, ಅಂತರ ದೊರೆಯುತ್ತದೆ. ಇನ್ನೊಬ್ಬ ಭೌತವಿಜ್ಞಾನಿ ಸೈಫರ್ಟ್ 2005ರಲ್ಲಿ ಎಂಟ್ರೊಪಿಯನ್ನೂ ಒಂದೇ ಹಾದಿಯ ಮಟ್ಟಕ್ಕೆ ತಂದರು.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಮತ್ತು ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದ ಅಜಯ್ ಸೂದ್, ರಾಜೇಶ್ ಗಣಪತಿ ಮತ್ತು ಸಂಗಡಿಗರು 2016ರಲ್ಲಿ ಇಂಥದ್ದೇ ಎಂಜಿನ್ನನ್ನು ಜೀವಂತ ಬ್ಯಾಕ್ಟೀರಿಯಾಗಳಿರುವ ದ್ರವದಲ್ಲಿ ನಡೆಸಿದರು. ತಾಪದೊಂದಿಗೆ ಬ್ಯಾಕ್ಟೀರಿಯಾಗಳ ಚಟುವಟಿಕೆಯೂ ಬದಲಾಗುತ್ತಿದ್ದುದರಿಂದ, ಸಮತೋಲನದ ಸ್ಟರ್ಲಿಂಗ್ ಎಂಜಿನ್ನಿನ ಮಿತಿಗಿಂತ ಹೆಚ್ಚಿನ ದಕ್ಷತೆ ಕಂಡುಬಂತು. ಆಹಾರ ಕರಗಿಸುತ್ತ ಈಜುವ ಈ ಜೀವಿಗಳಿರುವ ದ್ರವ ಸಮತೋಲನದ ಶಾಖಮೂಲವೇ ಅಲ್ಲವಾದ್ದರಿಂದ, ಸಮತೋಲನಕ್ಕಾಗಿ ಹೇಳಿದ ಆ ಮಿತಿ ಇಲ್ಲಿ ಅನ್ವಯಿಸುವುದಿಲ್ಲ.